ಮೇಲ್ ವಾರ್ಡಲ್ಲಿ ಬೀಡಿ ಬಿಡಿಸೋದು ಹೇಗೆ? ಸೀನಿಯರ್ ಸಿಸ್ಟರ್ಸ್ ಯಾರಾದ್ರೂ ಹೇಳಿ

ಹೊಸ_ಸಿಸ್ಟರ್

ನಮಸ್ತೆ ಎಲ್ರಿಗೂ. ನಾನು ಸ್ಟಾಫ್ ನರ್ಸ್, ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯ್ತು, ಈಗ ಮೇಲ್ ಮೆಡಿಕಲ್ ವಾರ್ಡಲ್ಲಿ ಇದೀನಿ. ನಮ್ಮ ವಾರ್ಡಲ್ಲಿ ಅರ್ಧಕ್ಕರ್ಧ ಬೀಡಿ ಸೇದೋರೇ, ದಮ್ಮು ಅಂತ ಬಂದೋರು, ಎದೆನೋವು ಅಂತ ಬಂದೋರು, ಟಿಬಿ ಕೋರ್ಸ್ ಮುಗಿಸಿ ಮತ್ತೆ ಕೆಮ್ಮು ಅಂತ ಬಂದೋರು. ರೌಂಡ್ಸಲ್ಲಿ ಡಾಕ್ಟ್ರು "ಬೀಡಿ ಬಿಡಪ್ಪಾ ಇಲ್ಲಾಂದ್ರೆ ಹೋಗ್ಬಿಡ್ತೀಯ" ಅಂತ ಹೇಳಿ ಮುಂದಿನ ಬೆಡ್ಡಿಗೆ ಹೋಗ್ತಾರೆ, ಡಿಸ್ಚಾರ್ಜ್ ಸಮ್ಮರಿಲಿ ಅದೇ ಒಂದು ಲೈನು, ಅಷ್ಟೇ.

ಮೊನ್ನೆ ಏನಾಯ್ತು ಅಂದ್ರೆ 60ರ ಹತ್ರ ವಯಸ್ಸಿನ ಯಜಮಾನ್ರು ಒಬ್ರು, ಸಿಒಪಿಡಿ ಅಂದ್ರೆ ಶ್ವಾಸಕೋಶ ಕೆಟ್ಟು ಬರೋ ದಮ್ಮು, ಆಕ್ಸಿಜನ್ ಹಾಕಿದ್ವಿ, ಮಾಸ್ಕ್ ತೆಗ್ದಿಟ್ಟು ಬಾತ್‌ರೂಮಿಗೆ ಹೋಗಿ ಸೇದ್ಕೊಂಡು ಬಂದಿದಾರೆ, ವಾಸನೆ ಇಡೀ ವಾರ್ಡಿಗೆ ಗೊತ್ತಾಯ್ತು. ನಂಗೆ ಸಿಟ್ಟು ಬಂತು, ಆಕ್ಸಿಜನ್ ಪಕ್ಕ ಬೆಂಕಿಪೊಟ್ಟಣ ಇಟ್ಕೊಂಡಿದೀರಲ್ಲ ಇಡೀ ವಾರ್ಡ್ ಸುಡ್ತೀರಾ ಅಂತ ಎಲ್ರ ಮುಂದೆ ಕೂಗಾಡ್ಬಿಟ್ಟೆ. ಅವ್ರು ತಣ್ಣಗೆ "ನೀನು ನನ್ನ ಕೊನೇ ಮಗಳಿಗಿಂತ ಚಿಕ್ಕೋಳು ಕಣವ್ವ, 40 ವರ್ಷದಿಂದ ಸೇದ್ತಾ ಇವ್ನಿ, ನಂಗೆ ಬುದ್ಧಿ ಹೇಳಕ್ಕೆ ಬಂದ್ಯಾ" ಅಂದ್ರು. ಆಮೇಲೆ ಇನ್ನೊಂದು ಮಾತು, ಬೀಡಿ ಸೇದ್ದೇ ಇದ್ರೆ ಬೆಳಿಗ್ಗೆ ಹೊರಕಡೆಗೆ ಆಗಲ್ಲವಂತೆ, ಅದಕ್ಕೇ ಹೋಗಿದ್ದಂತೆ. ಏನ್ ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.

ಕಾಲೇಜಲ್ಲಿ ತಂಬಾಕು ಬಿಡಿಸೋ ಐದು ಹೆಜ್ಜೆ, ಐದು ಎ ಅಂತ ಬರ್ದು ಹತ್ತು ಮಾರ್ಕ್ಸ್ ತಗೊಂಡಿದೀನಿ, ಆಸ್ಕ್, ಅಡ್ವೈಸ್, ಅಸೆಸ್, ಅಸಿಸ್ಟ್, ಅರೇಂಜ್, ಬಾಯಿಪಾಠ ಇದೆ. ಆದ್ರೆ ವಾರ್ಡಲ್ಲಿ ನಿಂತಾಗ ಮೊದಲ್ನೇ ವಾಕ್ಯ ಏನ್ ಆಡ್ಬೇಕು ಅನ್ನೋದೇ ಬರಲ್ಲ. ನೀವೆಲ್ಲ ನಿಜವಾಗ್ಲೂ ಏನ್ ಮಾಡ್ತೀರ?

ನಿವೃತ್ತ_ಸಿಸ್ಟರ್_ಧಾರವಾಡ

ತಂಗಿ, ಮೊದ್ಲ ಬೈಯೂದು ಬಿಡವಾ. ನಾನೂ ಸರ್ವಿಸಿನ ಮೊದ್ಲ ಐದಾರು ವರ್ಷ ಬೈಕೋತನ ಅಡ್ಡಾಡೇನಿ, ಒಬ್ಬಾಂವನೂ ಬಿಡ್ಲಿಲ್ಲ, ನನ್ನ ಡ್ಯೂಟಿ ಇಲ್ಲದಾಗ ಸೇದೂದು ಕಲತ್ರು ಅಷ್ಟ. ಬೀಡಿ ಕೆಟ್ಟದ್ದಂತ ಅವ್ರಿಗೆ ಗೊತ್ತಿಲ್ಲಂತ ತಿಳ್ಕೊಂಡೀಯೇನು? ಕಟ್ಟಿನ ಮ್ಯಾಲೆ ಚಿತ್ರ ಐತಿ, ಥೇಟರಿನ್ಯಾಗ ಪಿಚ್ಚರ್ ಚಾಲೂ ಆಗೂಕಿಂತ ಮೊದ್ಲ ತೋರಸ್ತಾರ, ಮನ್ಯಾಗ ಹೆಂಡ್ತಿ ದಿನಾ ಹೇಳ್ತಾಳ. ಅದನ್ನ ನೀ ಮತ್ತೊಮ್ಮೆ ಹೇಳಿದ್ರ ಏನ್ ಹೊಸಾದು.

ನಾ ಏನ್ ಮಾಡ್ತಿದ್ದೆ ಅಂದ್ರ ಬಿಪಿ ನೋಡೂ ಹೊತ್ತಿಗೆ ಕೇಳೂದು. ತೋಳಿಗೆ ಪಟ್ಟಿ ಕಟ್ಟಿದ ಮ್ಯಾಲೆ ಅಂವ ಎದ್ದು ಎಲ್ಲೂ ಹೋಗೂಹಂಗಿಲ್ಲ ನೋಡು. "ಕಾಕಾ, ಮುಂಜಾನೆ ಎದ್ದ ಮ್ಯಾಲೆ ಮೊದಲ್ನೇ ಬೀಡಿ ಎಷ್ಟೊತ್ತಿಗೆ?" ಇದೊಂದ ಪ್ರಶ್ನೆ. "ಬೀಡಿ ಸೇದ್ತೀರೇನು" ಅಂದ್ರ ಇಲ್ಲಂತಾರ, "ಎಷ್ಟು ಸೇದ್ತೀರಿ" ಅಂದ್ರ ಎರಡು ಕಟ್ಟು ಸೇದಾಂವ ನಾಕು ಬೀಡಿ ಅಂತಾನ, ಆದ್ರ ಎಷ್ಟೊತ್ತಿಗೆ ಅಂತ ಕೇಳಿದ್ರ ಖರೇ ಹೇಳ್ತಾನ, ಯಾಕಂದ್ರ ಅದ್ರಾಗ ಬೈಸಿಕೊಳ್ಳೂದು ಏನೂ ಕಾಣಂಗಿಲ್ಲ ಅಂವಗ. ಹಾಸಿಗಿ ಮ್ಯಾಲೆ ಕುಂತಾಗ್ಲೇ ಹಚ್ಚಾಂವಾ ಇದ್ರ ಅದು ಬಿಗಿ ಚಟ, ಬರೇ ಮಾತಿಲೆ ಆಗೂದಿಲ್ಲ, ಔಷಧ ಬೇಕು. ಚಾ ಕುಡದು, ಜಳಕಾ ಮಾಡಿ, ಹೊಲಕ್ಕ ಹೋದ ಮ್ಯಾಲೆ ಹಚ್ಚತೇನಿ ಅಂದ್ರ ಅಂವನ ದಾರಿ ಬ್ಯಾರೆ.

ಇನ್ನ ಹೊರಕಡಿ ಮಾತು. ಅದು ನೆಪ ಅಲ್ಲ ತಂಗಿ, ಖರೇನ ಐತಿ. ಬೀಡಿಯಾಗಿನ ನಿಕೋಟಿನ್ ಕರುಳು ಆಡಸ್ತೈತಿ, ಬಿಟ್ಟ ಮ್ಯಾಲೆ ಕೆಲವು ಮಂದಿಗೆ ಕೆಲವು ವಾರ ಹೊಟ್ಟಿ ಕಟ್ತೈತಿ. "ಸುಳ್ಳು ಹೇಳಬ್ಯಾಡ್ರಿ" ಅಂದಿ ಅಂದ್ರ ಅಲ್ಲಿಗೆ ನಿನ್ನ ಮಾತು ಕೇಳೂದು ಬಿಟ್ಟ. "ಹೌದ್ರಿ ಕಾಕಾ, ಹಂಗಾಗ್ತೈತಿ, ರಾತ್ರಿ ಮಲಗೂ ಮುಂದ ಬಿಸಿನೀರು, ಬಾಳಿಹಣ್ಣು, ಬೇಕಾದ್ರ ಡಾಕ್ಟರಿಗೆ ಹೇಳಿ ಇಸಬ್ಗೋಲ್ ಕೊಡಸ್ತೇನಿ" ಅನ್ನು. ನಾ ಎಷ್ಟೋ ಮಂದಿನ್ನ ಇಸಬ್ಗೋಲ್ ಕೊಟ್ಟ ಬೀಡಿ ಬಿಡಿಸೇನಿ ಅಂದ್ರ ನೀ ನಗಬಹುದು.

ಮತ್ತ ಒಂದು. ವಾರ್ಡಿಗೆ ಬಂದು ಮೂರು ದಿನ ಆಗಿರತೈತಿ, ಉಸಿರು ಸಿಗವಲ್ದು ಅಂತ ಅವ್ರು ಸೇದಿರಂಗಿಲ್ಲ. ಆ ಮೂರು ದಿನಾನ ಭಾಳ ತ್ರಾಸಿನ ದಿನ, ಸಿಡಿಮಿಡಿ, ನಿದ್ದಿ ಇಲ್ಲ, ಎಲ್ಲಾ ಆವಾಗ್ಲೇ ಏರೂದು. ಅಂವಗ ಗೊತ್ತ ಇರೂದಿಲ್ಲ ತಾ ಅದನ್ನ ದಾಟೇನಿ ಅಂತ. ನೀ ಹೇಳಬೇಕು, "ಕಾಕಾ ಗುಡ್ಡದ ಏರು ಮುಗದೈತಿ".

ಚೆಸ್ಟ್_ವಾರ್ಡ್_ಬ್ರದರ್

ಅಕ್ಕಾ ಬಿಪಿ ನೋಡುವಾಗ ಮಾತಾಡ್ಸಿದ್ರೆ ರೀಡಿಂಗ್ ಜಾಸ್ತಿ ಬರುತ್ತೆ 😀

ನಿವೃತ್ತ_ಸಿಸ್ಟರ್_ಧಾರವಾಡ

ನೋಡಿ ಬರಕೊಂಡ ಮ್ಯಾಲೆ ಕೇಳ್ತಿದ್ದೆ ತಮ್ಮಾ, ಪಟ್ಟಿ ಬಿಚ್ಚೂಕಿಂತ ಮೊದ್ಲ.

ಚೆಸ್ಟ್_ವಾರ್ಡ್_ಬ್ರದರ್

ಸರಿ ಸರಿ 🙏 ಅಕ್ಕ ಹೇಳಿದ್ದು ನೂರಕ್ಕೆ ನೂರು. ಆ ಮೊದಲ್ನೇ ಬೀಡಿ ಪ್ರಶ್ನೆ, ಚಟ ಎಷ್ಟು ಬಿಗಿ ಅಂತ ಅಳೆಯೋ ಫಾಗರ್‌ಸ್ಟ್ರಾಮ್ ಟೆಸ್ಟಿನ ಮೊದಲ್ನೇ ಪ್ರಶ್ನೆನೇ, ಒಟ್ಟು ಆರು ಪ್ರಶ್ನೆ ಹತ್ತು ಮಾರ್ಕು, ಎದ್ದು ಐದು ನಿಮಿಷದೊಳಗೆ ಸೇದಿದ್ರೆ ಅದೊಂದಕ್ಕೇ 3 ಮಾರ್ಕು. ಪೂರ್ತಿ ಟೆಸ್ಟ್ ಮಾಡೋಕೆ ಟೈಮ್ ಇಲ್ಲಾಂದ್ರೂ ಇದೊಂದು ಕೇಳಿ.

ನಾನು ಮದ್ದಿನ ಕಡೆ ಹೇಳ್ತೀನಿ, ಯಾಕಂದ್ರೆ ಅಲ್ಲಿ ನರ್ಸಿಂಗ್ ಕೆಲಸ ತುಂಬಾ ಇದೆ, ಯಾರೂ ಮಾಡಲ್ಲ. ಬೀಡಿ ಆಸೆ ತಡೆಯೋ ನಿಕೋಟಿನ್ ಗಮ್ ಬರ್ಕೊಟ್ರು ಅಂದ್ಕೊಳ್ಳಿ, ಪೇಷೆಂಟ್ ಅದನ್ನ ಬಬಲ್ ಗಮ್ ತರ ಚಪಚಪ ಅಗೀತಾನೆ, ಬಿಕ್ಕಳಿಕೆ ಬರುತ್ತೆ, ಹೊಟ್ಟೆ ಉರಿ ಬರುತ್ತೆ, ಎರಡನೇ ದಿನ "ಇದು ನಂಗೆ ಆಗ್ಬರಲ್ಲ" ಅಂತ ಎಸೀತಾನೆ. ಅದನ್ನ ಅಗಿಯೋದಲ್ಲ, ಇಟ್ಕೊಳ್ಳೋದು. ನಿಧಾನಕ್ಕೆ ಅಗೀಬೇಕು, ನಾಲಗೆಗೆ ಚುರುಚುರು ಅಂತ ಮೆಣಸಿನ ತರ ಬಂದ ತಕ್ಷಣ ನಿಲ್ಸಿ ಕೆನ್ನೆ ಒಸಡಿನ ಮಧ್ಯೆ ಇಟ್ಕೋಬೇಕು, ಚುರುಕು ಹೋದ್ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಕಡೆ ಇಡ್ಬೇಕು, ಹೀಗೆ ಅರ್ಧ ಗಂಟೆ. ನಮ್ಮವರಿಗೆ ಎಲೆಅಡಿಕೆ ಕೆನ್ನೇಲಿ ಇಟ್ಕೊಳ್ಳೋ ಅಭ್ಯಾಸ ಇರುತ್ತಲ್ಲ, "ಹಾಗೇ ಇಟ್ಕೊಳ್ಳಿ" ಅಂದ್ರೆ ಒಂದೇ ಸಲಕ್ಕೆ ಅರ್ಥ ಆಗುತ್ತೆ. ಕಾಫಿ ಟೀ ಜ್ಯೂಸ್ ಕುಡಿದ 15 ನಿಮಿಷ ಆದ್ಮೇಲೇ ಹಾಕ್ಬೇಕು, ಇಲ್ಲಾಂದ್ರೆ ಬಾಯಲ್ಲಿ ಹೀರ್ಕೊಳ್ಳಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದೋರಿಗೆ 4 ಎಂಜಿ, ಆಮೇಲೆ ಸೇದೋರಿಗೆ 2 ಎಂಜಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಕಮ್ಮಿ ಮಾಡ್ತಾ ಬಂದು 12 ವಾರಕ್ಕೆ ನಿಲ್ಸೋದು. ಜನ ದಿನಕ್ಕೆ ಎರಡು ಗಮ್ ಅಗಿದು ಕೆಲಸ ಮಾಡ್ಲಿಲ್ಲ ಅಂತಾರೆ, ಹೇಗೆ ಮಾಡುತ್ತೆ. ಹಲ್ಲಿಲ್ಲದ ಅಜ್ಜಂದಿರಿಗೆ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚ್ ಕೇಳಿ. ಹೊಸದಾಗಿ ಹಾರ್ಟ್ ಅಟ್ಯಾಕ್ ಆಗಿರೋರಿಗೆ ಮಾತ್ರ ಡಾಕ್ಟ್ರನ್ನ ಕೇಳ್ದೇ ಯಾವ್ದೂ ಬೇಡ.

ಇನ್ನೊಂದು ವಿಷಯ, ಇದನ್ನ ಯಾರೂ ನಂಗೆ ಹೇಳ್ಕೊಟ್ಟಿರ್ಲಿಲ್ಲ, ಪೆಟ್ಟು ತಿಂದು ಕಲಿತಿದ್ದು. ಹೊಗೆಲಿರೋ ಟಾರ್ ಲಿವರನ್ನ ಜೋರಾಗಿ ಓಡಿಸ್ತಾ ಇರುತ್ತೆ, ಅದಕ್ಕೆ ಸೇದೋರಲ್ಲಿ ಕೆಲವು ಔಷಧಿ ಬೇಗ ಖಾಲಿ ಆಗುತ್ತೆ. ಬಿಟ್ಟ ಕೆಲವೇ ದಿನದಲ್ಲಿ ಲಿವರ್ ಮಾಮೂಲಿಗೆ ಬರುತ್ತೆ, ಅದೇ ಡೋಸ್ ಈಗ ಜಾಸ್ತಿ ಆಗುತ್ತೆ. ದಮ್ಮಿನೋರಿಗೆ ಕೊಡೋ ಡೆರಿಫಿಲಿನ್, ಥಿಯೋಫಿಲಿನ್ ಇದೇ ಜಾತಿ. ಸೈಕಿಯಾಟ್ರಿ ವಾರ್ಡಲ್ಲಿ ಕ್ಲೋಜಪಿನ್ ಕೂಡ. ಬೀಡಿ ಬಿಟ್ಟ ಒಂದು ವಾರದಲ್ಲಿ ವಾಂತಿ, ಎದೆ ಢವಢವ, ಕೈ ನಡುಕ ಅಂದ್ರೆ "ಬೀಡಿ ಬಿಟ್ಟಿದ್ದಕ್ಕೆ ಹೀಗೆ" ಅಂತ ಸುಮ್ನಾಗ್ಬೇಡಿ, ಡಾಕ್ಟ್ರಿಗೆ ತಕ್ಷಣ ಹೇಳಿ. ಕೆಫೀನೂ ಹೀಗೇ. ದಿನಕ್ಕೆ ಆರು ಲೋಟ ಕಾಫಿ ಕುಡಿಯೋರು ಬೀಡಿ ಬಿಟ್ಟು ಅದೇ ಆರು ಲೋಟ ಕುಡಿದ್ರೆ ಮೈಯಲ್ಲಿ ಹತ್ರಹತ್ರ ಎರಡರಷ್ಟು ನಿಲ್ಲುತ್ತೆ, ನಿದ್ದೆ ಬರಲ್ಲ, ರೇಗ್ತಾರೆ, ಬೀಡಿ ಇಲ್ದೇ ಹುಚ್ಚು ಹಿಡೀತಿದೆ ಅಂತ ಮತ್ತೆ ಹಚ್ತಾರೆ. ಕಾಫಿ ಅರ್ಧ ಮಾಡಿ ಅಂತ ಒಂದು ಮಾತು ಹೇಳಿ ಸಾಕು.

ಫೋನ್ ನಂಬರ್ ಬರ್ಕೊಡಿ, 1800-11-2356, ಟೋಲ್ ಫ್ರೀ, ತಂಬಾಕು ಬಿಡೋರಿಗೆ ಫೋನಲ್ಲೇ ಸಲಹೆ ಕೊಡೋ ಕೇಂದ್ರ ಸರ್ಕಾರದ ಕ್ವಿಟ್‌ಲೈನ್, ಬೀಡಿ ಸಿಗರೇಟು ಪ್ಯಾಕಿನ ಮೇಲೇ ಪ್ರಿಂಟ್ ಇರುತ್ತೆ, ಯಾರೂ ನೋಡಿರಲ್ಲ ಅಷ್ಟೇ. ಕನ್ನಡದಲ್ಲಿ ಮಾತಾಡೋಕೆ ನಿಮ್ಹಾನ್ಸ್ ಸೆಂಟರ್ ಇದೆ.

ನೈಟ್_ಡ್ಯೂಟಿ_40ಬೆಡ್

ಎಲ್ಲ ಓದೋಕೆ ಚೆನ್ನಾಗಿದೆ. ನೈಟಲ್ಲಿ 40 ಪೇಷೆಂಟಿಗೆ ನಾನೊಬ್ಳೇ, ಐವಿ ಹಾಕ್ಲಾ, ನೆಬ್ಯುಲೈಸರ್ ಹಿಡೀಲಾ, ಬ್ಲಡ್ ಬ್ಯಾಂಕಿಗೆ ಓಡ್ಲಾ, ಕಾಕಾನ ಪಕ್ಕ ಕೂತು ಮೊದಲ್ನೇ ಬೀಡಿ ಕತೆ ಕೇಳ್ಲಾ? ಗಮ್ಮು ನಮ್ಮ ಫಾರ್ಮಸಿಲಿ ಇಂಡೆಂಟ್ ಹಾಕಿದ್ರೆ ಸ್ಟಾಕ್ ಇಲ್ಲ ಅಂತ ಬರುತ್ತೆ, ಹೊರಗಡೆ ತಗೊಳ್ಳಿ ಅಂದ್ರೆ "ಬೀಡಿ ಕಟ್ಟು ಇದಕ್ಕಿಂತ ಅಗ್ಗ ಕಣಮ್ಮ" ಅಂತಾರೆ, ಅವ್ರು ಹೇಳೋದೂ ಸುಳ್ಳಲ್ಲ. ಇನ್ನು ನಾನು ಹಿಂದೆ ಇದ್ದ ಆಸ್ಪತ್ರೆಲಿ ಕ್ಯಾಂಟೀನ್ ಹಿಂದೆ ನಿಂತು ಸಿಗರೇಟ್ ಸೇದ್ತಿದ್ದೋರು ಯಾರು ಗೊತ್ತಾ, ನಮ್ಮ ಡ್ಯೂಟಿ ಡಾಕ್ಟ್ರುಗಳೇ. ಪೇಷೆಂಟ್ ಕಡೆಯೋರು ಅವ್ರ ಹತ್ರಾನೇ ಬೆಂಕಿ ಇಸ್ಕೊಳ್ತಿದ್ರು. ಆಮೇಲೆ ನಾನು ಹೋಗಿ ಅಡ್ವೈಸ್ ಮಾಡ್ಬೇಕು.

ಕನ್ನಡತಿ_ಯುಕೆ

ಮೇಲಿನೋರಿಗೆ ಹೇಳೋದು: ಸಿಟ್ಟು ಅರ್ಥ ಆಗುತ್ತೆ, ನಾನೂ ಊರಲ್ಲಿ ನಾಲ್ಕು ವರ್ಷ ಅದೇ ಮಾಡಿ ಬಂದೋಳು. ಆದ್ರೆ ಟೈಮ್ ಬಗ್ಗೆ ಒಂದು ಮಾತು. ಇಲ್ಲಿ ಎನ್‌ಎಚ್‌ಎಸ್, ಅಂದ್ರೆ ಸರ್ಕಾರಿ ಆರೋಗ್ಯ ಸೇವೆಲಿ ವೆರಿ ಬ್ರೀಫ್ ಅಡ್ವೈಸ್ ಅಂತ ಎಲ್ಲಾ ನರ್ಸಿಗೂ ಟ್ರೇನಿಂಗ್ ಕೊಡ್ತಾರೆ, ಅದು ಬರೀ 30 ಸೆಕೆಂಡಿನ ಕೆಲಸ. ಸೇದ್ತೀರಾ ಅಂತ ಕೇಳೋದು, ಬಿಡೋಕೆ ಔಷಧಿ ಮತ್ತೆ ಯಾರಾದ್ರೂ ಜೊತೆಗಿದ್ರೆ ಸುಲಭ ಅಂತ ಹೇಳೋದು, ಅಲ್ಲಿಗೆ ಕಳಿಸ್ಲಾ ಅಂತ ಕೇಳೋದು. ಮುಗೀತು. ಎಷ್ಟು ಸೇದ್ತೀರಿ, ಯಾಕೆ ಬಿಡ್ಲಿಲ್ಲ, ಕ್ಯಾನ್ಸರ್ ಬರುತ್ತೆ ಗೊತ್ತಾ, ಇದ್ಯಾವ್ದೂ ಕೇಳಲೇಬಾರ್ದು ಅಂತ ಹೇಳ್ಕೊಡ್ತಾರೆ, ಅದು ಆಮೇಲೆ ಬರೋ ಅಡ್ವೈಸರ್ ಕೆಲಸ. ವಾರ್ಡಿಗೇ ಬಂದು ಅವ್ರು ಪ್ಯಾಚು ಕೊಟ್ಟು ಹೋಗ್ತಾರೆ. ಊರಲ್ಲಿ ಆ ಮೂರನೇ ಹೆಜ್ಜೆಗೆ ಜನ ಇಲ್ಲ ಅನ್ನೋದೇ ವ್ಯತ್ಯಾಸ, ಅದಕ್ಕೇ ಧಾರವಾಡದ ಅಕ್ಕ ತಾವೇ ಎಲ್ಲಾ ಮಾಡ್ಬೇಕಾಯ್ತು. ಆದ್ರೆ ಈಗ ಎಷ್ಟೋ ಜಿಲ್ಲಾ ಆಸ್ಪತ್ರೆಲಿ ತಂಬಾಕು ಬಿಡಿಸೋ ಕೇಂದ್ರ ಅಂತ ಒಂದು ರೂಮು ಇರ್ಬೇಕು, ನ್ಯಾಷನಲ್ ಟೊಬ್ಯಾಕೊ ಕಂಟ್ರೋಲ್ ಪ್ರೋಗ್ರಾಂ ಕೆಳಗೆ, ಕೌನ್ಸೆಲರ್ ಪೋಸ್ಟ್ ಇರುತ್ತೆ. ನಿಮ್ಮ ಬಿಲ್ಡಿಂಗಲ್ಲೇ ಎಲ್ಲಿದೆ ಅಂತ ಹುಡುಕಿ ನೋಡಿ, ನಮ್ಮಲ್ಲಿ ಇದ್ದದ್ದು ಎರಡು ವರ್ಷ ಆದ್ಮೇಲೆ ನಂಗೆ ಗೊತ್ತಾಗಿದ್ದು 😅

ನರ್ಸ್ ಹೇಳಿದ್ರೆ ಯಾರು ಕೇಳ್ತಾರೆ ಅನ್ನೋರಿಗೆ: ಇದರ ಮೇಲೆ ಎಷ್ಟೋ ಸಂಶೋಧನೆ ಒಟ್ಟು ಮಾಡಿ ನೋಡಿರೋ ಕಾಕ್ರೇನ್ ರಿವ್ಯೂನೇ ಇದೆ, ನರ್ಸ್ ಸಲಹೆ ಕೊಟ್ಟ ಕಡೆ ಬಿಡೋರ ಸಂಖ್ಯೆ ನಿಜವಾಗ್ಲೂ ಜಾಸ್ತಿ. ಆಸ್ಪತ್ರೆ ಪೇಷೆಂಟ್ಸ್ ಮೇಲೆ ಬೇರೆ ರಿವ್ಯೂ ಇದೆ, ಅದರಲ್ಲಿ ಮುಖ್ಯವಾದ ಮಾತು ಏನಂದ್ರೆ ಡಿಸ್ಚಾರ್ಜ್ ಆದ್ಮೇಲೆ ಕನಿಷ್ಠ ಒಂದು ತಿಂಗಳು ಹಿಂದೆ ಬಿದ್ದು ವಿಚಾರಿಸಿದ್ರೆ ಉಪಯೋಗ ಆಗುತ್ತೆ, ಬೆಡ್ಡಲ್ಲಿದ್ದಾಗ ಮಾತ್ರ ಹೇಳಿ ಬಿಟ್ರೆ ಅಷ್ಟಾಗಿ ಆಗಲ್ಲ. ಅಂದ್ರೆ ಫೋನ್.

ಇಲ್ಲಿ ಒಂದು ಚಿಕ್ಕ ಮಷೀನ್ ಇದೆ, ಊದಿದ್ರೆ ಉಸಿರಲ್ಲಿ ಎಷ್ಟು ಕಾರ್ಬನ್ ಮಾನಾಕ್ಸೈಡ್ ಇದೆ ಅಂತ ತೋರ್ಸುತ್ತೆ. ಸೇದೋರಿಗೆ ಹತ್ತರ ಮೇಲೆ ಬರುತ್ತೆ, ಒಂದೆರಡು ದಿನ ಬಿಟ್ರೆ ಸೇದದೇ ಇರೋರ ಮಟ್ಟಕ್ಕೆ ಇಳಿಯುತ್ತೆ, ಪೇಷೆಂಟು ಮಕ್ಕಳ ತರ "ಇನ್ನೊಂದ್ಸಲ ಊದ್ತೀನಿ" ಅಂತಾರೆ. ಊರಲ್ಲಿ ಬೀಡಿ ಸೇದೋರಿಗೆ ಇದು ಇನ್ನೂ ಚೆನ್ನಾಗಿ ತೋರ್ಸುತ್ತೆ, ಬೀಡಿ ಆರಿ ಹೋಗ್ತಾ ಇರುತ್ತಲ್ಲ ಅದಕ್ಕೆ ಜೋರಾಗಿ ಪದೇಪದೇ ಎಳೀತಾರೆ. ಮಷೀನ್ ಇಲ್ಲಾಂದ್ರೆ ಬೇಡ, ಬೆರಳಿಗೆ ಹಾಕಿ ಆಕ್ಸಿಜನ್ ನೋಡೋ ಸ್ಯಾಚುರೇಷನ್ ಪ್ರೋಬ್ ಹಾಕಿ ತೋರ್ಸೋಕೆ ಮಾತ್ರ ಹೋಗ್ಬೇಡಿ, ಅದು ಕಾರ್ಬನ್ ಮಾನಾಕ್ಸೈಡನ್ನೂ ಆಕ್ಸಿಜನ್ ಅಂತಾನೇ ಓದುತ್ತೆ, "ನೋಡಿ ಸಿಸ್ಟರ್ 98 ಇದೆ ನಂಗೇನೂ ಆಗಿಲ್ಲ" ಅಂತ ನಿಮಗೇ ತಿರುಗಿಸ್ತಾರೆ.

ಕುಡ್ಲದ_ಮಾಜಿ_ಬೀಡಿ

ನಾನು ನರ್ಸ್ ಅಲ್ಲ ಮಾರಾಯ್ರೆ, ಪೇಷೆಂಟ್. ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದ್ದು, ಈಗ ಬಿಟ್ಟು ಮೂರು ವರ್ಷ ಆಯ್ತು. ನನ್ನ ಕಡೆಯಿಂದ ಹೇಳ್ಬೇಕು ಅಂತ ಕಂಡಿತು.

ನಮ್ಮಲ್ಲಿ ಬೀಡಿ ಅಂದ್ರೆ ಬರೀ ಚಟ ಅಲ್ಲ. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಮೂರು ಜನರನ್ನು ಓದಿಸಿದ್ದು, ಎಲೆ ಕತ್ತರಿಸುವ ಶಬ್ದ ಕೇಳಿಯೇ ನಾವು ನಿದ್ದೆ ಮಾಡ್ತಿದ್ದದ್ದು. ಐಸಿಯುವಿನಲ್ಲಿ ಒಬ್ಬರು ಬಂದು "ಬೀಡಿ ಅಂದ್ರೆ ವಿಷ, ಬುದ್ಧಿ ಇರುವವರು ಮುಟ್ತಾರಾ" ಅಂತ ಹೇಳಿದ್ರು, ನಂಗೆ ಅದು ಅಮ್ಮನಿಗೆ ಹೇಳಿದ ಹಾಗೆ ಆಯ್ತು, ಆ ದಿನವೇ ಡಿಸೈಡ್ ಮಾಡಿದೆ, ಹೊರಗೆ ಹೋದ ಕೂಡ್ಲೆ ಸೇದುವುದು ಅಂತ. ಮತ್ತೆ ವಾರ್ಡಿಗೆ ಹಾಕಿದ್ಮೇಲೆ ಅಲ್ಲಿಯ ಸಿಸ್ಟರ್ ಒಬ್ಬರು, ಡ್ರೆಸ್ಸಿಂಗ್ ನೋಡ್ತಾ, "ಅಣ್ಣ ಮನೆಯಲ್ಲಿ ಯಾರು ಕಟ್ಟುದು?" ಅಂತ ಕೇಳಿದ್ರು. ಅಮ್ಮ ಅಂತ ಹೇಳಿದೆ. "ನನ್ನ ಅತ್ತೆಯೂ ಕಟ್ತಾರೆ, ಸೊಂಟ ನೋವು ಅಂತ ದಿನಾ ಹೇಳ್ತಾರೆ" ಅಂದ್ರು. ಅಷ್ಟೇ. ಮತ್ತೆ ಮಾತಾಡ್ಲಿಕ್ಕೆ ಸುರು ಆದದ್ದು ನಾನೇ.

ಅವರು ಮಾಡಿದ್ದು ಏನು ಅಂದ್ರೆ ನನ್ನ ಹತ್ರವೇ ಕೇಳಿದ್ದು, ಮನೆಗೆ ಹೋದ್ಮೇಲೆ ಯಾವ ಹೊತ್ತಿಗೆ ಕಷ್ಟ ಆಗ್ಬಹುದು ಅಂತ. ನಾನು ಯೋಚನೆ ಮಾಡಿ ಹೇಳಿದೆ, ಬೆಳಿಗ್ಗೆ ಚಾ ಕುಡಿಯುವಾಗ, ಊಟ ಆದ್ಮೇಲೆ, ಮತ್ತೆ ಬಸ್ ಕಾಯುವಾಗ. ಒಂದೊಂದಕ್ಕೂ ಏನು ಮಾಡುದು ಅಂತ ಕೂತು ಬರೆಸಿದ್ರು, ಚಾ ಅಂಗಳದಲ್ಲಿ ಬೇಡ ಅಡಿಗೆ ಕೋಣೆಯಲ್ಲಿ ಕುಡಿರಿ, ಊಟ ಆದ ಕೂಡ್ಲೆ ಎದ್ದು ಬಾಯಿ ತೊಳೆದು ಏಲಕ್ಕಿ ಹಾಕಿ, ಆಸೆ ಬಂದ್ರೆ ಐದು ನಿಮಿಷ ತಡೆದು ನೋಡಿ ಅದು ತನ್ನಷ್ಟಕ್ಕೇ ಹೋಗ್ತದೆ ಅಂತ. ಹೋಗ್ತದೆ ಹೌದು, ಮತ್ತೆ ಬರ್ತದೆ, ಆದ್ರೆ ಹೋಗ್ತದೆ. ಗುಟ್ಕಾ, ಹಾನ್ಸ್ ಅಂತ ಬಾಯಿಗೆ ಹಾಕುವ ತಂಬಾಕು ಮಾತ್ರ ಮುಟ್ಬೇಡಿ ಅಂತ ಗಟ್ಟಿ ಹೇಳಿದ್ರು, ನನ್ನ ಪಕ್ಕದ ಬೆಡ್ಡಿನವ ಬೀಡಿ ಬಿಟ್ಟು ಹಾನ್ಸ್ ಹಿಡಿದು ಅದನ್ನು ಬಿಟ್ಟ ಲೆಕ್ಕಕ್ಕೇ ಸೇರಿಸಿದ್ದ.

ಐದನೇ ದಿನ ಫೋನ್ ಬಂತು. ನಾನು ಆಶ್ಚರ್ಯದಲ್ಲಿ ಬಿದ್ದೆ, ಆಸ್ಪತ್ರೆಯಿಂದ ಫೋನ್ ಬರುದು ಬಿಲ್ಲಿಗೆ ಅಲ್ವಾ. ನಲವತ್ತನೇ ದಿನ ತಂಗಿಯ ಮದುವೆಯ ಮೆಹಂದಿಯಲ್ಲಿ ಫ್ರೆಂಡ್ಸ್ ಜೊತೆ ಎರಡು ಸೇದಿದೆ, ನಾಚಿಕೆಯಲ್ಲಿ ಮತ್ತೆ ಅವರ ಫೋನ್ ತೆಗೀಲಿಲ್ಲ. ಚೆಕಪ್ಪಿಗೆ ಹೋದಾಗ ಕಾರಿಡಾರಿನಲ್ಲಿ ಸಿಕ್ಕಿ ಹಿಡಿದ್ರು. ಹೇಳಿದೆ. "ಎರಡೇ ಅಲ್ವಾ? ಮೂರನೆಯದ್ದು ಯಾಕೆ ಸೇದಲಿಲ್ಲ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅಲ್ಲಿಂದ ಮತ್ತೆ ಮುಟ್ಟಲಿಲ್ಲ.

ನೈಟ್_ಡ್ಯೂಟಿ_40ಬೆಡ್

ಮೂರನೆಯದ್ದು ಯಾಕೆ ಸೇದಲಿಲ್ಲ 👏 ಇದನ್ನ ಬರ್ಕೊಂಡೆ. 30 ಸೆಕೆಂಡ್ ಅಂದ್ರೆ ಓಕೆ, ಮಾಡ್ಬಹುದು. ಸ್ಟಾಕ್ ಇಲ್ಲ ಅನ್ನೋದಕ್ಕೆ ಮಾತ್ರ ಯಾರೂ ಉತ್ತರ ಕೊಡ್ಲಿಲ್ಲ.

ಚೆಸ್ಟ್_ವಾರ್ಡ್_ಬ್ರದರ್

ಉತ್ತರ ಇಲ್ಲ, ಅದಕ್ಕೇ ಕೊಡ್ಲಿಲ್ಲ. ನಾವು ಪ್ರತಿ ತಿಂಗಳು ಇಂಡೆಂಟ್ ಹಾಕ್ತಾನೇ ಇರ್ತೀವಿ, "ಇಲ್ಲ" ಅಂತ ಬರ್ದಿದ್ದನ್ನ ಫೈಲ್ ಮಾಡಿ ಇಟ್ಟಿದೀವಿ, ಆಡಿಟ್ ಬಂದಾಗ ತೋರ್ಸೋಕೆ. ಅಲ್ಲೀವರೆಗೂ 2 ಎಂಜಿ ಹೊರಗಡೆ ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೇನೂ ಸಿಗುತ್ತೆ, ದುಡ್ಡಿರೋರಿಗೆ.

ಹೊಸ_ಸಿಸ್ಟರ್

ಎಲ್ರಿಗೂ ಥ್ಯಾಂಕ್ಸ್, ಲೇಟಾಗಿ ಬರೀತಿದೀನಿ, ನೈಟ್ ಇತ್ತು. ನೀವೆಲ್ಲ ಬರ್ದ ಮಾರನೇ ದಿನ ಬೆಳಿಗ್ಗೆ ಆ ಯಜಮಾನ್ರ ಹತ್ರ ಹೋಗಿ ಮೊದ್ಲು ಸಾರಿ ಕೇಳ್ದೆ, ಎಲ್ರ ಮುಂದೆ ಕೂಗಿದ್ದಕ್ಕೆ. ಅವ್ರಿಗೇ ಮುಜುಗರ ಆಯ್ತು. ಆಮೇಲೆ ಅಕ್ಕನ ಪ್ರಶ್ನೆ ಕೇಳ್ದೆ, "ಕಣ್ಣು ಬಿಡೋಕೆ ಮುಂಚೆನೇ" ಅಂದ್ರು 😀 ಹೊರಕಡೆ ವಿಷಯಕ್ಕೆ ಇಸಬ್ಗೋಲ್ ಬರೆಸ್ದೆ, ಎರಡನೇ ದಿನ ಅವ್ರೇ ಕರ್ದು "ಆಯ್ತು ಕಣವ್ವ" ಅಂತ ಇಡೀ ವಾರ್ಡಿಗೆ ಕೇಳೋ ಹಾಗೆ ಹೇಳಿದ್ರು. ಬೆಂಕಿಪೊಟ್ಟಣ ನನ್ನ ಕೈಗೇ ಕೊಟ್ರು, ಬೀಡಿ ಕಟ್ಟು ಕೊಡ್ಲಿಲ್ಲ. ತಂಬಾಕು ಕೇಂದ್ರ ನಮ್ಮಲ್ಲೂ ಇದೆ, ಡೆಂಟಲ್ ಒಪಿಡಿ ಪಕ್ಕ, ನಾನು ದಿನಾ ಅದರ ಮುಂದೇನೇ ಓಡಾಡೋದು. ಅಲ್ಲಿ 2 ಎಂಜಿ ಗಮ್ ಸ್ವಲ್ಪ ಇತ್ತು, ಡಾಕ್ಟ್ರು ಸದ್ಯಕ್ಕೆ ಅದೇ ಕೊಡಿ ಅಂದ್ರು.

ನಿನ್ನೆಗೆ ಡಿಸ್ಚಾರ್ಜ್ ಆಗಿ ಆರು ದಿನ. ಫೋನ್ ಮಾಡ್ದೆ, ಹೆಂಡ್ತಿ ಎತ್ತಿದ್ರು. "ಬೀಡಿ ಮುಟ್ಟಿಲ್ಲ ಸಿಸ್ಟರ್, ಆದ್ರೆ ಮನೇಲಿ ಇರಕ್ಕಾಗಲ್ಲ, ಕೋಳಿ ಮೇಲೂ ರೇಗ್ತಾರೆ, ರಾತ್ರಿಯೆಲ್ಲಾ ಎದ್ದು ಕೂತ್ಕೊಳ್ತಾರೆ, ಕೈ ಒಂಚೂರು ನಡುಗುತ್ತೆ" ಅಂದ್ರು. ಇದು ಎಷ್ಟು ದಿನ ಇರುತ್ತೆ ಅಂತ ಹೇಳ್ಲಿ?

ಚೆಸ್ಟ್_ವಾರ್ಡ್_ಬ್ರದರ್

ರೇಗೋದು ಎರಡರಿಂದ ನಾಲ್ಕು ವಾರ, ಕಮ್ಮಿ ಆಗ್ತಾ ಹೋಗುತ್ತೆ. ಆದ್ರೆ ಕೈ ನಡುಕ ಅಂದ್ರಲ್ಲ, ಡಿಸ್ಚಾರ್ಜಲ್ಲಿ ಡೆರಿಫಿಲಿನ್ ಮಾತ್ರೆ ಬರ್ದಿದಾರಾ ನೋಡಿ, ಬರ್ದಿದ್ರೆ ಇವತ್ತೇ ಡಾಕ್ಟ್ರಿಗೆ ಹೇಳಿ. ಸಾಲ್ಬುಟಮಾಲ್ ಪಂಪು ಎಷ್ಟು ಸಲ ಹೊಡ್ಕೊಳ್ತಾರೆ ಅದನ್ನೂ ಕೇಳಿ, ಅದಕ್ಕೂ ನಡುಗುತ್ತೆ. ಆಮೇಲೆ ಕಾಫಿ ಎಷ್ಟು ಲೋಟ?

ಹೊಸ_ಸಿಸ್ಟರ್

ಡೆರಿಫಿಲಿನ್ ಇದೆ. ದಿನಕ್ಕೆ ಎರಡು. ಈಗ್ಲೇ ಡ್ಯೂಟಿ ಡಾಕ್ಟ್ರಿಗೆ ಫೋನ್ ಮಾಡ್ತಾ ಇದೀನಿ. ಕಾಫಿ ಕೇಳಿರ್ಲಿಲ್ಲ, ಕೇಳ್ತೀನಿ.